ಗಂಟೆ ಕದ್ದ ಮಾಂತ್ರಿಕ ಮತ್ತೆ ಮತ್ತೆ ಬರಬೇಕಾದರೆ

ಪ್ರಶ್ನೆ: ನಾವು ಐವರು ಗೆಳೆಯರು ಹುಬ್ಬಳ್ಳಿಯಲ್ಲಿ ಪ್ರತಿ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರೂ ಒಂದು ಪಾತ್ರವಾಗಿ ಡೈಸ್ ಹಾಕುತ್ತ ಕಥೆ ಕಟ್ಟುವ ಆಟ. ಐದನೇ ಆವೃತ್ತಿ, 2014ರ ಪುಸ್ತಕ. ನಾನು ಡಿಎಂ, ಅಂದರೆ ಕಥೆ ನಡೆಸುತ್ತ ಖಳರ ಪರವಾಗಿಯೂ ಆಡುವವನು. ಉಳಿದ ನಾಲ್ವರದು ಪ್ಯಾಲಡಿನ್ (ಧರ್ಮಯೋಧ), ರೋಗ್ (ಕಳ್ಳಹೆಜ್ಜೆಯ ಚಾಲಾಕಿ), ವಿಝರ್ಡ್ (ಮಂತ್ರವಾದಿ), ಕ್ಲೆರಿಕ್ (ದೈವಬಲದ ಪುರೋಹಿತ). ಎಂಟು ತಿಂಗಳಾಯಿತು, ಈಗ ಎಲ್ಲರೂ ಏಳನೇ ಲೆವೆಲ್. ಮೂರನೇ ಸೆಷನ್‌ನಲ್ಲಿ ಆ ಒಂದು ಸಂಜೆಯ ಮಟ್ಟಿಗೆ ಅಂತ ಇರುಳಯ್ಯ ಎಂಬ ಮಾಂತ್ರಿಕನನ್ನು ತಂದೆ. ಹಳ್ಳಿಯೊಂದರ ಗುಡಿಯ ಗಂಟೆ ಕದ್ದವನು. ಯಾಕೆ ಕದ್ದ ಅಂತ ನಾನೂ ಯೋಚಿಸಿರಲಿಲ್ಲ. ಆದರೆ ಅವನ ಮೆಲುದನಿ, ಏನೇ ಮಾತಾಡುವ ಮೊದಲು "ಊಟ ಆಯ್ತಾ?" ಅಂತ ಕೇಳುವ ರೀತಿ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಅವನನ್ನು ಉಳಿಸಿಕೊಳ್ಳೋಣ ಅನ್ನಿಸಿ ಮೊದಲ ಸಲ ಆ ಕ್ಷಣಕ್ಕೆ ಹೊಳೆದ ಒಂದು ಕಳ್ಳಬಾಗಿಲಿನಿಂದ ಪಾರುಮಾಡಿದೆ, ಎರಡನೇ ಸಲ ಎಲ್ಲೂ ಹೇಳಿರದ ಒಂದು ಮದ್ದು ಕುಡಿಸಿ ಮಾಯ ಮಾಡಿದೆ. ಎರಡನೇ ಸಲ ಪ್ಯಾಲಡಿನ್ ಆಡುವ ಗೆಳೆಯ "ನಾವು ಏನು ಹೊಡೆದ್ರೂ ನೀನು ಬಿಟ್ಟುಬಿಡ್ತೀಯಲ್ಲ" ಅಂದ. ಮುಂದಿನ ಭಾನುವಾರದ ಮರುವಾರ ಅವರು ಇರುಳಯ್ಯ ಅಡಗಿರುವ ಸುಣ್ಣದ ಭಟ್ಟಿಯನ್ನು ಮುತ್ತುತ್ತಾರೆ. ಅವನು ಹನ್ನೆರಡನೇ ಲೆವೆಲ್‌ವರೆಗೆ ಇರಬೇಕು ಅಂತ ನನಗೆ ಆಸೆ. ಅವನ ಹಿಟ್ ಪಾಯಿಂಟನ್ನು, ಅಂದರೆ ಬೀಳುವ ಮೊದಲು ಅವನು ತಾಳಬಲ್ಲ ಪೆಟ್ಟಿನ ಲೆಕ್ಕವನ್ನು, ನನ್ನ ಟಿಪ್ಪಣಿ ಮುಚ್ಚುವ ಪರದೆಯ ಹಿಂದೆ ಗುಟ್ಟಾಗಿ ಏರಿಸಿದರೆ ತಪ್ಪೇ? ಇಲ್ಲದಿದ್ದರೆ ಅವನನ್ನು ಮತ್ತೆ ಮತ್ತೆ ಬರುವ ಖಳನನ್ನಾಗಿ ಮಾಡುವುದು ಹೇಗೆ?

ಉತ್ತರ: ಮೊದಲು ನೇರ ಪ್ರಶ್ನೆಗೆ ನೇರ ಉತ್ತರ. ಹಿಟ್ ಪಾಯಿಂಟ್ ಏರಿಸಬೇಡಿ. ಈ ಟೇಬಲ್‌ನಲ್ಲಂತೂ ಖಂಡಿತ ಬೇಡ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇರುಳಯ್ಯ ಸತ್ತರೆ ಎಂಟು ತಿಂಗಳ ಕಥೆ ಮುಗಿದೇಹೋಗುತ್ತದೆ ಎಂಬುದು ಒಂದು. ಅವನು ಸಾಯದಿದ್ದರೆ ಗೆಳೆಯರು ಇನ್ನು ನಿಮ್ಮನ್ನು ನಂಬುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮದ್ದು ಹುಡುಕುತ್ತ ನೀವು ಎರಡನೆಯದನ್ನು ಎರಡು ಸಲ ಹೆಚ್ಚಿಸಿದ್ದೀರಿ. ನಾನು ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಈ ಆಟದ ಟೇಬಲ್ ನಡೆಸುತ್ತಿದ್ದೇನೆ, ಅದರಲ್ಲಿ ಆರು ವರ್ಷದಿಂದ ಇದೇ ನನ್ನ ಕೆಲಸ. ಶುರುವಿನ ದಿನಗಳಲ್ಲಿ ನಾನೂ ಇದನ್ನೇ ಮಾಡಿದೆ. ನನಗೆ ತುಂಬ ಇಷ್ಟವಾದ ಒಬ್ಬ ದಂಡನಾಯಕನನ್ನು ಮೂರು ಸಲ ಪಾರುಮಾಡಿದೆ. ಮೂರನೇ ಸಲ ಒಬ್ಬ ಹುಡುಗಿ ಕೈಲಿದ್ದ ಡೈಸನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಜಗಳ ಆಡಲಿಲ್ಲ, ಏನೂ ಅನ್ನಲಿಲ್ಲ. ಎರಡು ವಾರಕ್ಕೆ ಆ ಟೇಬಲ್ ನಿಂತುಹೋಯಿತು. ನಿಮ್ಮ ಪ್ಯಾಲಡಿನ್ ಬಾಯಿಬಿಟ್ಟು ಹೇಳಿದ್ದಾನೆ. ಅದು ನಿಮ್ಮ ಪುಣ್ಯ, ಇನ್ನೂ ಆಟ ಬೇಕು ಎಂದೇ ಅವನು ಹೇಳಿದ್ದು.

ಹಿಟ್ ಪಾಯಿಂಟ್ ಯಾಕೆ ಬೇಡ ಎಂಬುದಕ್ಕೆ ಲೆಕ್ಕವನ್ನೇ ನೋಡಿ. ಪುಸ್ತಕದಲ್ಲಿರುವ ಮೇಜ್ ಎಂಬ ಮಾಂತ್ರಿಕನಿಗೆ 40 ಹಿಟ್ ಪಾಯಿಂಟ್. ಇರುಳಯ್ಯನಿಗೂ ನೀವು ಅದನ್ನೇ ಬಳಸಿರಬಹುದು. ಏಳನೇ ಲೆವೆಲ್‌ನ ಪ್ಯಾಲಡಿನ್ ಕತ್ತಿಯ ಎರಡೂ ಹೊಡೆತ ತಾಗಿಸಿ, ಒಂದಕ್ಕೆ ಎರಡನೇ ಲೆವೆಲ್ ಸ್ಲಾಟಿನ (ದಿನಕ್ಕಿಷ್ಟೇ ಎಂದಿರುವ ಮಂತ್ರಬಲದ ಪಾಲು) ಸ್ಮೈಟ್ ಎಂಬ ದೈವಬಲದ ಪೆಟ್ಟು ಸೇರಿಸಿದರೆ ಸರಾಸರಿ 30ರಷ್ಟು. ರೋಗ್‌ನ ಒಂದು ಬಾಣಕ್ಕೆ ಸ್ನೀಕ್ ಅಟ್ಯಾಕ್, ಅಂದರೆ ಶತ್ರುವಿನ ಗಮನ ತಪ್ಪಿದಾಗ ಕೊಡುವ ಹೆಚ್ಚಿನ ಪೆಟ್ಟು, ಸೇರಿದರೆ 21ರಷ್ಟು. ಇಬ್ಬರೇ ಸೇರಿ 50 ದಾಟಿಬಿಟ್ಟರು, ವಿಝರ್ಡ್ ಮತ್ತು ಕ್ಲೆರಿಕ್ ಇನ್ನೂ ಕೈಯೇ ಎತ್ತಿಲ್ಲ. ಅಂದರೆ ಒಂಟಿಯಾಗಿ ನಿಂತ ಮಾಂತ್ರಿಕ ತನ್ನ ಸರದಿ ಬರುವ ಮೊದಲೇ ಬೀಳುತ್ತಾನೆ. ಇದು ನಿಮ್ಮ ತಯಾರಿಯ ತಪ್ಪಲ್ಲ. ನಾಲ್ಕು ಜನರಿಗೆ ನಾಲ್ಕು ಸರದಿ, ಅವನಿಗೆ ಒಂದು. ಈ ಆಟದ ಗಣಿತವೇ ಹಾಗೆ. ಈ ಕಂದರವನ್ನು ಗುಟ್ಟಾಗಿ ತುಂಬಬೇಕೆಂದರೆ ಹತ್ತು ಇಪ್ಪತ್ತು ಪಾಯಿಂಟ್ ಸಾಲದು, ಎರಡು ಮೂರು ಪಟ್ಟು ಏರಿಸಬೇಕು. ಪ್ರತಿ ಟೇಬಲ್‌ನಲ್ಲೂ ಹೊಡೆತ ಬರೆದುಕೊಳ್ಳುವವನು ಒಬ್ಬ ಇದ್ದೇ ಇರುತ್ತಾನೆ. 110 ಬರೆದ ಮೇಲೂ ಮೈಗೆ ರಕ್ಷಾಕವಚವೇ ಇಲ್ಲದ ಮಾಂತ್ರಿಕ ನಿಂತೇ ಇದ್ದರೆ ಆ ಬರೆಯುವವನು ತಲೆ ಎತ್ತಿ ನಿಮ್ಮ ಮುಖ ನೋಡುತ್ತಾನೆ.

ಇನ್ನು ಈ ವಿಷಯದಲ್ಲಿ ಬಹಳ ಮಂದಿ ನಂಬಿರುವ ಒಂದು ಮಾತಿದೆ: ಮತ್ತೆ ಮತ್ತೆ ಬರುವ ಖಳ ಅಂದರೆ ಪ್ರತಿ ಸಲ ತಪ್ಪಿಸಿಕೊಳ್ಳುವ ಖಳ. ಅದಕ್ಕೇ ಡಿಎಂಗಳ ಬುದ್ಧಿಯೆಲ್ಲ ಪರಾರಿಯ ಉಪಾಯ ಹುಡುಕುವುದಕ್ಕೆ ಖರ್ಚಾಗುತ್ತದೆ. ಆದರೆ ಆಟಗಾರರಿಗೆ ಸಿಟ್ಟು ಬರುವುದು ಅವನು ಓಡಿದ್ದಕ್ಕಲ್ಲ, ತಾವು ಗೆದ್ದದ್ದು ಕೈತಪ್ಪಿದ್ದಕ್ಕೆ. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದರೆ ದಾರಿ ಸಲೀಸಾಗುತ್ತದೆ. ಅವನು ಓಡಿದ, ಆದರೆ ಗಂಟೆ ಸಿಕ್ಕಿತು, ಊರು ಉಳಿಯಿತು, ಅವನ ಬಲಗೈ ಬಂಟ ಸೆರೆಯಾದ ಅಂದರೆ ಅದು ಗೆಲುವು. ಅವನು ಓಡಿದ, ಗಂಟೆಯನ್ನೂ ಒಯ್ದ, ಬಂಟನನ್ನೂ ಒಯ್ದ ಅಂದರೆ ಎರಡು ತಾಸಿನ ಕಾಳಗ ನಡೆಯದಿದ್ದರೂ ಆಗುತ್ತಿತ್ತು.

ನಮ್ಮವರಿಗೆ ಇದು ಹೊಸ ವಿಷಯವಲ್ಲ. ಜರಾಸಂಧನನ್ನು ನೆನಪಿಸಿಕೊಳ್ಳಿ. ಮಥುರೆಯ ಮೇಲೆ ಹದಿನೇಳು ಸಲ ದಂಡೆತ್ತಿ ಬಂದು ಹದಿನೇಳು ಸಲವೂ ಸೋತವನು. ಪ್ರತಿ ಸಲ ಅವನ ಸೇನೆ ಪೂರ್ತಿ ನಾಶವಾಗುತ್ತದೆ, ಆ ಗೆಲುವಿನಲ್ಲಿ ಮೋಸವಿಲ್ಲ. ಬಲರಾಮ ಅವನನ್ನು ಕಟ್ಟಿಹಾಕಲು ಹೊರಟಾಗ ತಡೆದವನು ಕೃಷ್ಣನೇ. ಅಂದರೆ ಅವನು ಉಳಿದದ್ದು ಯಾವುದೋ ಕಳ್ಳಬಾಗಿಲಿನಿಂದಲ್ಲ, ನಾಯಕನ ಕಡೆಯವರದೇ ತೀರ್ಮಾನದಿಂದ. ಕೊನೆಗೆ ಆ ಕಾಟಕ್ಕೆ ಮಥುರೆಯನ್ನೇ ಬಿಟ್ಟು ದ್ವಾರಕೆ ಕಟ್ಟಬೇಕಾಯಿತು, ಬೆಲೆ ತೆತ್ತದ್ದೂ ಕಣ್ಣಿಗೆ ಕಾಣುತ್ತದೆ. ಇದರ ಜೊತೆಗೆ ಸಭಾಪರ್ವದಲ್ಲಿ ಇನ್ನೊಂದು ಸಂಗತಿ ಇದೆ, ಡಿಎಂ ಆದವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದದ್ದು. ನೂರು ರಾಜರನ್ನು ಬಲಿಕೊಡುವುದು ಅವನ ಸಂಕಲ್ಪ. 86 ಜನ ಆಗಲೇ ಸೆರೆಯಲ್ಲಿದ್ದಾರೆ, ಬಾಕಿ 14. ಈ ಎರಡು ಅಂಕಿ ಕೇಳಿದ ಕೂಡಲೇ ಕೇಳಿದವನಿಗೆ ಅವಸರ ಶುರುವಾಗುತ್ತದೆ. ಜರಾಸಂಧ ಎದುರಿಗೇ ಬರಬೇಕಿಲ್ಲ, ಎಲ್ಲೋ ಒಬ್ಬ ರಾಜ ಕಾಣೆಯಾದ ಎಂಬ ಸುದ್ದಿ ಸಾಕು, ಅವನು ಬಂದಂತೆಯೇ. ಅವನ ಸಾವಿನ ಗುಟ್ಟು ಕೂಡ ಹುಟ್ಟಿನ ಕಥೆಯಲ್ಲೇ ಇದೆ: ಎರಡು ಹೋಳಾಗಿ ಹುಟ್ಟಿ ಜರೆ ಎಂಬ ರಾಕ್ಷಸಿ ಜೋಡಿಸಿದವನು. ಭೀಮ ಸೀಳಿದರೂ ಹೋಳು ಮತ್ತೆ ಕೂಡಿದಾಗ ಕೃಷ್ಣ ಒಂದು ಕಡ್ಡಿ ಸೀಳಿ ಅದಲುಬದಲಾಗಿ ಎಸೆದು ತೋರಿಸುತ್ತಾನೆ. ಕೇಳುಗ "ಅರೆ, ಹೌದಲ್ಲ" ಅನ್ನುತ್ತಾನೆ, ಯಾಕೆಂದರೆ ಅವನಿಗೂ ಅದು ಮೊದಲೇ ಗೊತ್ತಿತ್ತು.

ನಿಮ್ಮ ಇರುಳಯ್ಯನಿಗೆ ಸದ್ಯ ಇಲ್ಲದಿರುವುದು ಇಂಥ ಒಂದು ಲೆಕ್ಕ. ಅವನಿಗೆ ದನಿ ಇದೆ, ನಡೆ ಇದೆ, "ಊಟ ಆಯ್ತಾ" ಇದೆ, ಕೆಲಸ ಇಲ್ಲ. ಅದಕ್ಕೇ ಅವನು ಸತ್ತರೆ ಕಥೆ ಸಾಯುತ್ತದೆ ಎಂಬ ಭಯ ನಿಮಗೆ. ಅವನ ಕೆಲಸ ಅವನಿಗಿಂತ ದೊಡ್ಡದಾಗಿದ್ದರೆ ಆ ಭಯ ತಾನಾಗಿಯೇ ಇಳಿಯುತ್ತದೆ.

ಯಾಕೆ ಗಂಟೆ ಕದ್ದ ಎಂದು ನೀವು ಯೋಚಿಸಿರಲಿಲ್ಲ ಅಂದಿರಿ. ಅದು ಒಳ್ಳೆಯದೇ ಆಯಿತು, ಈಗ ಯೋಚಿಸಲು ಜಾಗ ಇದೆ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಹೊಳೆಯ ದಂಡೆಯ ಹನ್ನೆರಡು ಊರಿನ ಗುಡಿಗಳಲ್ಲಿ ಹನ್ನೆರಡು ಗಂಟೆ. ಒಂದು ಕಾಲದಲ್ಲಿ ಒಂದೇ ದೊಡ್ಡ ಗಂಟೆಯನ್ನು ಒಡೆದು, ಆ ಕಂಚನ್ನು ಊರೂರಿಗೆ ಹಂಚಿ ಎರಕ ಹೊಯ್ದದ್ದು. ಒಡೆದದ್ದು ಯಾಕೆಂದರೆ ಆ ದೊಡ್ಡ ಗಂಟೆಯ ದನಿಗೆ ನೀರಿನಡಿ ಮಲಗಿದ ಏನೋ ಒಂದು ಏಳುತ್ತಿತ್ತು. ಇರುಳಯ್ಯ ಹನ್ನೆರಡನ್ನೂ ಕೂಡಿಸಿ ಕರಗಿಸಿ ಮತ್ತೆ ಒಂದು ಮಾಡಬೇಕು ಅಂತಿದ್ದಾನೆ. ನೀವು ಅವನನ್ನು ಸುಣ್ಣದ ಭಟ್ಟಿಯಲ್ಲಿ ಅಡಗಿಸಿದ್ದೀರಿ ನೋಡಿ, ಕಂಚು ಕರಗಿಸಲು ಬೆಂಕಿ ಬೇಕೇ ಬೇಕು. ನೀವು ಹಾಗೇ ಇಟ್ಟ ಜಾಗ ಮೊದಲಿಂದ ಅವನ ಯೋಜನೆಯಾಗಿತ್ತು ಎನ್ನುವ ಹಾಗೆ ಕೂತುಕೊಳ್ಳುತ್ತದೆ. ಈಗ ಅವನ ಕೈಲಿ ಐದು ಗಂಟೆ ಇವೆ ಅಂದುಕೊಳ್ಳಿ. ಒಂದು ರಟ್ಟಿನ ಮೇಲೆ ಹನ್ನೆರಡು ಗಂಟೆ ಬಿಡಿಸಿ ಐದಕ್ಕೆ ಕಪ್ಪು ಬಳಿಯಿರಿ, ಪರದೆಯ ಹಿಂದೆ ಇಡಬೇಡಿ, ಟೇಬಲ್ ನಡುವೆ ಇಡಿ. ಆಟಗಾರರು ಬೇರೆ ಕಡೆ ತಿಂಗಳುಗಟ್ಟಲೆ ಅಲೆದರೆ ಇನ್ನೊಂದಕ್ಕೆ ಕಪ್ಪು ಬೀಳುತ್ತದೆ. ಅವರು ಒಂದನ್ನು ಕಾಪಾಡಿದರೆ ಆ ಗಂಟೆಗೆ ಹಳದಿ ಬಳಿಯಿರಿ, ಅದು ಶಾಶ್ವತ, ಅದನ್ನು ನೀವು ಮತ್ತೆ ಕದಿಸಬಾರದು. ಈ ಒಂದು ನಿಯಮ ನೀವು ಮುರಿಯದಿದ್ದರೆ ಕಳೆದುಹೋದ ನಂಬಿಕೆ ಅರ್ಧಕ್ಕರ್ಧ ಮರಳುತ್ತದೆ. ಒಂದೇ ಒಂದು ಗಂಟೆ ಶಾಶ್ವತವಾಗಿ ಉಳಿದರೂ ಅವನ ಯೋಜನೆ ಕೆಡಬೇಕಲ್ಲ ಎಂದು ನಿಮ್ಮ ವಿಝರ್ಡ್ ಕೇಳೇ ಕೇಳುತ್ತಾನೆ. ಅದಕ್ಕೆ ಉತ್ತರ ಸಿದ್ಧವಿರಲಿ: ಹನ್ನೆರಡೂ ಇದ್ದರೆ ಮಲಗಿದ್ದು ಅವನ ಮಾತು ಕೇಳುತ್ತದೆ, ಕಡಿಮೆ ಇದ್ದರೆ ಏಳುತ್ತದೆ, ಆದರೆ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಆಟಗಾರರ ಗೆಲುವು ಹೆಚ್ಚಿದಷ್ಟೂ ಇರುಳಯ್ಯ ಹತಾಶನಾಗುತ್ತಾನೆ.

ಈಗ ಭಟ್ಟಿಯ ಕಾಳಗಕ್ಕೆ ಬರೋಣ. ಅವನು ಅಲ್ಲಿ ಸಾಯಬಹುದು ಎಂದು ನೀವು ಮನಸ್ಸಿನಲ್ಲಿ ಒಪ್ಪಿಕೊಂಡೇ ಟೇಬಲ್‌ಗೆ ಕೂರಬೇಕು. ಇದು ಮೊದಲ ಶರತ್ತು. ಒಪ್ಪಿಕೊಂಡ ಮೇಲೆ ಅವನಿಗೆ ಒಂದು ನ್ಯಾಯವಾದ ಪರಾರಿ ದಾರಿ ಕೊಡಲು ಅಡ್ಡಿಯಿಲ್ಲ, ಅದು ನಿಯಮದಲ್ಲಿರಬೇಕು ಮತ್ತು ಅದನ್ನು ತಡೆಯುವ ದಾರಿ ಆಟಗಾರರ ಕೈಲಿರಬೇಕು. ಮೇಜ್‌ನ ಮಂತ್ರಗಳಲ್ಲಿ ಐಸ್ ಸ್ಟಾರ್ಮ್ ತೆಗೆದು ಡೈಮೆನ್ಶನ್ ಡೋರ್ ಹಾಕಿ. ನಾಲ್ಕನೇ ಲೆವೆಲ್‌ನದು, ಹಾಕಿದವನನ್ನು ಕ್ಷಣದಲ್ಲಿ 500 ಅಡಿ ದೂರದವರೆಗೆ ಒಯ್ಯುತ್ತದೆ. ನಿಮ್ಮ ವಿಝರ್ಡ್ 60 ಅಡಿಯೊಳಗೆ ಅವನನ್ನು ನೋಡುತ್ತಿದ್ದರೆ ಕೌಂಟರ್‌ಸ್ಪೆಲ್‌ನಿಂದ, ಅಂದರೆ ಇನ್ನೊಬ್ಬರ ಮಂತ್ರ ಮುರಿಯುವ ಮಂತ್ರದಿಂದ, ತಡೆಯಬಹುದು. ಮೂರನೇ ಲೆವೆಲ್ ಸ್ಲಾಟ್ ಬಳಸಿದರೆ 14 ಮುಟ್ಟಬೇಕು, ಬುದ್ಧಿಗೆ ನಾಲ್ಕು ಕೂಡುವವನಾದರೆ ಡೈಸ್‌ನಲ್ಲಿ 10 ಬಂದರೆ ಸಾಕು. ಏಳನೇ ಲೆವೆಲ್‌ನ ವಿಝರ್ಡ್ ಬಳಿ ನಾಲ್ಕನೇ ಲೆವೆಲ್ ಸ್ಲಾಟ್ ಇರುವುದು ಒಂದೇ. ಅದನ್ನು ಉಳಿಸಿಕೊಂಡಿದ್ದರೆ ಡೈಸ್ ಹಾಕುವ ಪ್ರಮೇಯವೇ ಇಲ್ಲ, ಮಂತ್ರ ಬಿದ್ದೇಹೋಯಿತು. ಕ್ಲೆರಿಕ್‌ನ ಸೈಲೆನ್ಸ್ ಇನ್ನೂ ಸೊಗಸು. ಡೈಮೆನ್ಶನ್ ಡೋರ್‌ಗೆ ಮಾತು ಬೇಕು, ಸದ್ದಿಲ್ಲದ ವೃತ್ತದೊಳಗೆ ಅದು ನಡೆಯುವುದಿಲ್ಲ. ಪ್ಯಾಲಡಿನ್ ಬರಿ ತಬ್ಬಿ ಹಿಡಿದರೆ ಪ್ರಯೋಜನವಿಲ್ಲ, ಹಿಡಿತದಿಂದ ಅವನು ಮಾಯವಾಗುತ್ತಾನೆ. ಈ ಸೂಕ್ಷ್ಮಗಳನ್ನು ಮುಂದಿನ ಭಾನುವಾರವೇ ಆಟಗಾರರ ಕಿವಿಗೆ ಬೀಳಿಸಿ. ಯಾರೋ ಸುಣ್ಣದ ಕೂಲಿಯವನು ಹೇಳಲಿ: "ಅವನು ಏನೋ ಒಂದು ಮಾತು ಅಂದ, ಇಲ್ಲಿದ್ದವನು ಆ ಹುಣಸೆಮರದ ಕೆಳಗಿದ್ದ." ಇಷ್ಟು ಸಾಕು. ಕ್ಲೆರಿಕ್ ಸೈಲೆನ್ಸ್ ಸಿದ್ಧಮಾಡಿಕೊಂಡು ಬಂದರೆ ಅದು ಅವರ ಬುದ್ಧಿವಂತಿಕೆ, ಅದಕ್ಕೆ ಫಲ ಸಿಗಬೇಕು.

ನಿಯಮದ ಪ್ರಕಾರ ಇರುಳಯ್ಯ ತಿರುಗಿ ವಿಝರ್ಡ್‌ನ ಕೌಂಟರ್‌ಸ್ಪೆಲ್‌ಗೇ ಕೌಂಟರ್‌ಸ್ಪೆಲ್ ಹಾಕಬಹುದು. ಆ ದಿನ ಹಾಕಬೇಡಿ. ನಿಯಮ ಒಪ್ಪಿದರೂ ನಿಮ್ಮ ಟೇಬಲ್ ಈಗ ಅದನ್ನು ಒಪ್ಪುವ ಸ್ಥಿತಿಯಲ್ಲಿಲ್ಲ.

ಜೊತೆಗೆ ಕಾಳಗದಲ್ಲಿ ಅವನೊಬ್ಬನೇ ಗುರಿಯಾಗದಂತೆ ನೋಡಿಕೊಳ್ಳಿ. ಕಾಳಗ ಶುರುವಾದಾಗ ಐದನೇ ಗಂಟೆ ಸರಪಳಿಯಲ್ಲಿ ತೂಗುತ್ತ ಭಟ್ಟಿಯ ಬಾಯಿಗೆ ಇಳಿಯುತ್ತಿರಲಿ, ಮೂರು ಸುತ್ತಿನಲ್ಲಿ ಅದು ಬೆಂಕಿ ಮುಟ್ಟುತ್ತದೆ ಎಂದು ಬಾಯಿಬಿಟ್ಟು ಹೇಳಿ. ಅವನ ಬೆನ್ನು ಹತ್ತಬೇಕೋ ಸರಪಳಿ ಹಿಡಿಯಬೇಕೋ ಅವರೇ ತೀರ್ಮಾನಿಸಲಿ. ಸರಪಳಿ ಹಿಡಿದು ಅವನನ್ನು ಬಿಟ್ಟರೆ, ಅವನು ಓಡಿದ್ದು ನಿಮ್ಮಿಂದಲ್ಲ. ಇದರಲ್ಲಿರುವ ಅಪಾಯ ಏನೆಂದರೆ ನಾಲ್ವರು ಸೇರಿ ಎರಡನ್ನೂ ಸಾಧಿಸಬಹುದು. ಸಾಧಿಸಲಿ. ಎರಡರಲ್ಲಿ ಒಂದು ಕೈತಪ್ಪಲೇಬೇಕು ಎಂದು ನೀವು ಮೂರನೇ ಗಂಡಾಂತರ ಒಂದನ್ನು ಆಗಲೇ ಹುಟ್ಟಿಸಿದರೆ ಮತ್ತೆ ಅದೇ ಕಳ್ಳಬಾಗಿಲು. ಓಡಿದರೂ 500 ಅಡಿ ಅಂದರೆ ಹೆಚ್ಚು ಕಡಿಮೆ ಒಂದೂವರೆ ಫುಟ್‌ಬಾಲ್ ಮೈದಾನ, ಅಷ್ಟೆ. ರೋಗ್ ಬೆನ್ನಟ್ಟುತ್ತೇನೆ ಅಂದರೆ ಬೇಡ ಅನ್ನಬೇಡಿ, ಕತ್ತಲಲ್ಲಿ ಒಂದು ಒಳ್ಳೆಯ ಬೇಟೆ ಆಗಲಿ.

ಬಿದ್ದರೆ? ಇಲ್ಲಿ ಹೆಚ್ಚಿನವರಿಗೆ ಗಮನಕ್ಕೆ ಬರದ ಒಂದು ನಿಯಮ 2014ರ ಆಟಗಾರರ ಪುಸ್ತಕದಲ್ಲೇ ಇದೆ. ಸಾಮಾನ್ಯವಾಗಿ ಡಿಎಂಗಳು ಶತ್ರು ಸೊನ್ನೆಗಿಳಿದ ಕೂಡಲೇ ಸತ್ತ ಅನ್ನುತ್ತಾರೆ, ಆದರೆ ಮುಖ್ಯ ಖಳರಿಗೆ ಆಟಗಾರರಿಗಿರುವ ಹಾಗೆಯೇ ಡೆತ್ ಸೇವ್, ಅಂದರೆ ಸಾವು ಬದುಕು ತೀರ್ಮಾನಿಸುವ ಡೈಸ್, ಕೊಡಬಹುದು. ಇದನ್ನು ಬಳಸುವುದಾದರೆ ಮೊದಲೇ ಹೇಳಿ, ಡೈಸನ್ನು ಎಲ್ಲರ ಕಣ್ಣೆದುರು ಹಾಕಿ. ಇರುಳಯ್ಯ ನೆಲಕ್ಕೆ ಬಿದ್ದ, ಪ್ರತಿ ಸರದಿಗೆ ಒಂದು ಡೈಸ್, ಮೂರು ಸಲ 10ಕ್ಕಿಂತ ಕೆಳಗೆ ಬಂದರೆ ಸತ್ತ. ಅಷ್ಟರೊಳಗೆ ಅವನ ಬಂಟ ಅವನನ್ನು ಎಳೆದುಕೊಂಡು ಹೋಗಲು ನೋಡುತ್ತಾನೆ. ಆಟಗಾರರು ಬಿದ್ದವನ ಪಕ್ಕ ನಿಂತು ಹೊಡೆದ ಒಂದು ಏಟು ಎರಡು ಸೋಲಿಗೆ ಸಮ, ಹಾಗಾಗಿ ಕೊಲ್ಲಲೇಬೇಕು ಅಂದವರಿಗೆ ಎರಡು ಏಟು ಸಾಕು. ಬಿದ್ದವನನ್ನು ಕೊಲ್ಲಲು ನಿಮ್ಮ ಪ್ಯಾಲಡಿನ್ ಕೈ ಎತ್ತುತ್ತಾನೋ ಇಲ್ಲವೋ, ಆ ಒಂದು ನಿಮಿಷ ಟೇಬಲ್ ಹೇಗಿರುತ್ತದೆ ಊಹಿಸಿ. ನನ್ನ ಅನುಭವದಲ್ಲಿ ಅರ್ಧದಷ್ಟು ಟೇಬಲ್‌ಗಳು ಕೊಲ್ಲದೆ ಸೆರೆಹಿಡಿಯುತ್ತವೆ. ಸೆರೆಸಿಕ್ಕ ಖಳ ಡಿಎಂಗೆ ದೊಡ್ಡ ಆಸ್ತಿ: ಅವನು ಕಟಕಟೆಯಲ್ಲಿ ನಿಲ್ಲುತ್ತಾನೆ, ಅವನಿಗೆ ಮಾತ್ರ ಗೊತ್ತಿರುವ ಏನೋ ಒಂದಕ್ಕಾಗಿ ಆಟಗಾರರೇ ಜೈಲಿಗೆ ಹೋಗಿ ಅವನೆದುರು ಕೂರುತ್ತಾರೆ, ಕಂಬಿಯ ಹಿಂದಿನಿಂದ ಅವನು ಕೇಳುತ್ತಾನೆ, "ಊಟ ಆಯ್ತಾ?" ಆದರೆ ಜೈಲು ಒಡೆದು ಓಡಿದ ಅಂತ ಮುಂದಿನ ಸೆಷನ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಸಬೇಡಿ. ಓಡಿಸುವುದಾದರೆ ಆಟಗಾರರು ಅದನ್ನು ತಡೆಯುವ ಅವಕಾಶ ಇರುವ ಒಂದು ಇಡೀ ಸಂಜೆ ಅದಕ್ಕೆ ಮೀಸಲಿಡಿ.

ಸತ್ತೇಹೋದರೆ ಮರಳಿ ತರಲು ನಿಯಮದಲ್ಲಿ ದಾರಿಗಳಿವೆ, ಎಲ್ಲಕ್ಕೂ ಬೆಲೆ ಇದೆ, ಆ ಬೆಲೆಯೇ ಕಥೆ. ರೇಸ್ ಡೆಡ್ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನದೊಳಗೆ ಆಗಬೇಕು, ತಲೆಯಿಲ್ಲದ ಹೆಣಕ್ಕೆ ಅದು ನಡೆಯದು. ಭಟ್ಟಿಯ ಬೆಂಕಿ ಪಕ್ಕದಲ್ಲೇ ಇದೆ. ಆಟಗಾರರು ಹೆಣವನ್ನು ಅದಕ್ಕೆ ಹಾಕಿದರೆ ಆ ದಾರಿ ಮುಚ್ಚಿತು, ನೀವು ಗೌರವಿಸಬೇಕು. ಹಾಕದೆ ಹೋದರೆ, ಒಂದು ವಾರದ ಮೇಲೆ ಪೇಟೆಯ ವಜ್ರದ ವ್ಯಾಪಾರಿ ಯಾರೋ ದೊಡ್ಡ ಕಲ್ಲೊಂದನ್ನು ಚೌಕಾಸಿಯನ್ನೇ ಮಾಡದೆ ಕೊಂಡುಹೋದರು ಎನ್ನಲಿ. ಆಟಗಾರರು ಕೂಡಲೇ ಬೆನ್ನು ಹತ್ತಿದರೆ ತಡೆಯಬಹುದು. ಇನ್ನೊಂದು ದಾರಿ ರೆವೆನೆಂಟ್. ಅನ್ಯಾಯವಾಗಿ ಸತ್ತವನು ಸೇಡಿಗಾಗಿ ಏಳುವ ರೂಪ, ಒಡೆದುಹಾಕಿದರೆ 24 ತಾಸಿನ ಮೇಲೆ ಇನ್ನೊಂದು ಹೆಣದಲ್ಲಿ ಏಳುತ್ತದೆ, ಸೇಡಿಗೆ ಇರುವುದು ಒಂದು ವರ್ಷ ಮಾತ್ರ. ಇದನ್ನು ಆಟಗಾರರು ಶರಣಾದವನನ್ನು ಕೊಂದರೆ ಮಾತ್ರ ಬಳಸಿ. ನ್ಯಾಯವಾಗಿ ಗೆದ್ದವರ ಮೇಲೆ ಬಿಟ್ಟರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ. ಅವನನ್ನು ಲಿಚ್, ಅಂದರೆ ಸತ್ತ ಮೇಲೂ ಉಳಿಯುವ ಮಾಂತ್ರಿಕ, ಮಾಡುವ ಆಸೆ ನಿಮಗೆ ಬರಬಹುದು. ಇರುಳಯ್ಯನಿಗೆ ಅದು ಬೇಡ, ಅವನ ಅಂದ ಇರುವುದೇ ಅವನು ಸಾಧಾರಣ ಮನುಷ್ಯನಂತೆ ಮಾತಾಡುವುದರಲ್ಲಿ.

ಸಾವಿಗೂ ನಿಯಮ ಇರುವ ಖಳ ಹೇಗೆ ಕೆಲಸ ಮಾಡುತ್ತಾನೆ ಎನ್ನುವುದಕ್ಕೆ ಈ ಆಟದಲ್ಲೇ ಹಳೆಯ ಉದಾಹರಣೆ ಸ್ಟ್ರಾಡ್. 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ಸಾಹಸದ ರಕ್ತಪಿಶಾಚಿ ಅವನು, ಇವತ್ತಿಗೂ ಜನ ಅವನ ಕೋಟೆಗೆ ಹೋಗುತ್ತಾರೆ. ಐದನೇ ಆವೃತ್ತಿಯಲ್ಲಿ ಅವನು ಸೊನ್ನೆಗಿಳಿದರೆ ಮಂಜಾಗುತ್ತಾನೆ, ಎರಡು ತಾಸಿನೊಳಗೆ ತನ್ನ ಶವಪೆಟ್ಟಿಗೆ ಸೇರದಿದ್ದರೆ ನಾಶ. ಮಂಜಾಗಿ ಜಾರಿದಾಗ ಯಾರೂ ಡಿಎಂ ಮುಖ ನೋಡುವುದಿಲ್ಲ, "ಪೆಟ್ಟಿಗೆ ಎಲ್ಲಿದೆ?" ಎಂದು ನಕ್ಷೆ ನೋಡುತ್ತಾರೆ. ನಮ್ಮಿಂದಲೇ ಹೋದ ಹೆಸರಿನ ರಾಕ್ಷಸ ಕೂಡ ಇಲ್ಲಿದ್ದಾನೆ, ಅಂಗೈ ಹಿಮ್ಮುಖವಾಗಿ ತಿರುಗಿದವನು. ಕೊಂದರೂ ನರಕದಲ್ಲಿ ಮತ್ತೆ ಮೈ ಪಡೆದು ಕೊಂದವರನ್ನು ಹುಡುಕಿಕೊಂಡು ಬರುತ್ತಾನೆ. ಏಳನೇ ಲೆವೆಲ್‌ಗೆ ಅವನು ಭಾರ, ಮುಂದೆ ಎಂದಾದರೂ ಬೇಕಾದರೆ ನೆನಪಿಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ಕಾಳಗವಿಲ್ಲದ ಭೇಟಿ. ಖಳ ಮತ್ತು ನಾಯಕರು ಎದುರಾದಾಗಲೆಲ್ಲ ಕತ್ತಿ ಹಿರಿಯಲೇಬೇಕು ಎಂದು ಎಲ್ಲೂ ಬರೆದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಒಂದು ಟೇಬಲ್‌ನಲ್ಲಿ ಖಳ ಒಬ್ಬ ಧಾನ್ಯದ ವ್ಯಾಪಾರಿ, ಹಿಂದಿನಿಂದ ದರೋಡೆಕೋರರನ್ನು ಸಾಕಿದವನು. ಆಟಗಾರರು ಎರಡು ಸಲ ಅವನ ಗೋದಾಮು ಸುಟ್ಟಿದ್ದರು. ಮೂರನೇ ಭೇಟಿ ಒಂದು ಮದುವೆ ಊಟದ ಪಂಕ್ತಿಯಲ್ಲಿ. ಹುಡುಗಿಯ ತಂದೆ ಆಟಗಾರರಿಗೆ ಬೇಕಾದವನು, ಮಂಟಪದಲ್ಲಿ ರಕ್ತ ಬೀಳುವಂತಿಲ್ಲ. ಅವನು ಬಂದು ಅವರ ಎದುರಿನ ಎಲೆಗೆ ಕೂತ. ಆ ಸಂಜೆ ನಾನು ನಿಜವಾಗಿ ಚಿರೋಟಿ ತಂದಿದ್ದೆ. ಒಬ್ಬೊಬ್ಬರ ತಟ್ಟೆಗೆ ಬಡಿಸುತ್ತ ಅವನ ದನಿಯಲ್ಲಿ ಯೋಧನ ಕಡೆ ತಿರುಗಿ ಹೇಳಿದೆ: "ನಿಮ್ಮ ಕುದುರೆಗೆ ಎಡಗಾಲು ನೋವಂತಲ್ಲ. ನಮ್ಮ ಆಳಿಗೆ ಹೇಳಿದ್ದೀನಿ, ಲಾಳ ಬದಲಿಸ್ತಾನೆ." ಕುದುರೆಗೆ ನೋವಿರುವುದು ಆಟಗಾರರು ಯಾರಿಗೂ ಹೇಳಿರಲಿಲ್ಲ. ರೋಗ್ ಆಡುವವನು ನಲವತ್ತು ನಿಮಿಷ ಡೈಸನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ, ಒಮ್ಮೆಯೂ ಹಾಕಲಿಲ್ಲ. ಎದ್ದು ಹೋಗುವಾಗ ಅವನ ಅಂಗೈಯಲ್ಲಿ ಡೈಸ್‌ನ ಮೂಲೆಗಳ ಗುರುತು ಮೂಡಿತ್ತು. ಆ ವ್ಯಾಪಾರಿ ಆ ದಿನ ಯಾರಿಗೂ ಒಂದು ಪಾಯಿಂಟ್ ಗಾಯ ಮಾಡಲಿಲ್ಲ, ಆದರೂ ಇವತ್ತಿಗೂ ಅವರು ನೆನೆಯುವುದು ಆ ಸಂಜೆಯನ್ನೇ. ಅಪಾಯ ಇಷ್ಟೇ: ಯಾರಾದರೂ ತಾಳಲಾರದೆ ಎದ್ದು ಹೊಡೆದರೆ ತಡೆಯಬಾರದು. ಹೊಡೆಯಲಿ, ಅವನು ಸಾಯಲಿ, ಆಮೇಲೆ ಮದುವೆಮನೆಯವರು ಏನು ಮಾಡುತ್ತಾರೋ ಅದು ಆಗಲಿ.

ಇರುಳಯ್ಯನಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಭಟ್ಟಿಯಿಂದ ಓಡಿದ ಮೇಲೆ ಎರಡು ಮೂರು ಸೆಷನ್ ಅವನ ಮುಖವೇ ಕಾಣಿಸಬೇಡಿ. ಗಂಟೆ ಕಳೆದುಕೊಂಡ ಊರಿನಲ್ಲಿ ಪೂಜಾರಿ ಹಿತ್ತಾಳೆಯ ತಟ್ಟೆ ಬಡಿದು ಮಂಗಳಾರತಿ ಮಾಡುತ್ತಿರಲಿ. ಆಟಗಾರರು ತಂಗಿದ ಛತ್ರದಲ್ಲಿ ಅವರ ಲೆಕ್ಕ ಯಾರೋ ಆಗಲೇ ತೀರಿಸಿರಲಿ, ಚೀಟಿಯಲ್ಲಿ ಎರಡೇ ಪದ ಇರಲಿ. ಯಾವ ಪದ ಎಂದು ನಿಮ್ಮ ಗೆಳೆಯರಿಗೆ ಹೇಳಬೇಕಾಗಿಲ್ಲ.

ಪ್ರತಿ ಸಲ ಅವನು ಮರಳಿದಾಗ ಏನಾದರೂ ಒಂದು ಬದಲಾಗಿರಬೇಕು. ಭಟ್ಟಿಯಲ್ಲಿ ಬೆಂಕಿ ತಾಗಿದ್ದರೆ ಮುಂದಿನ ಸಲ ಎಡಗೈ ಶಾಲಿನೊಳಗೆ. ಸೈಲೆನ್ಸ್‌ಗೆ ಸಿಕ್ಕಿ ಪೆಟ್ಟು ತಿಂದಿದ್ದರೆ ಮುಂದಿನ ಸಲ ಕ್ಲೆರಿಕ್ ಮೇಲೆ ಕಣ್ಣಿಡಲು ಇಬ್ಬರು ಬಿಲ್ಲುಗಾರರು. ಆದರೆ ಒಂದು ಸಲಕ್ಕೆ ಒಂದೇ ಪಾಠ ಕಲಿಯಲಿ. ಆಟಗಾರರ ಎಲ್ಲ ತಂತ್ರಕ್ಕೂ ಉತ್ತರ ಕಲಿತು ಬಂದರೆ ಅವರು ಎಂಟು ತಿಂಗಳು ಬೆಳೆಸಿದ ಪಾತ್ರಗಳನ್ನು ನೀವು ಒರೆಸಿಹಾಕಿದಂತೆ. ಎಷ್ಟು ಸಲ ಬರಬೇಕು ಎಂದೂ ಈಗಲೇ ಮಿತಿ ಹಾಕಿಕೊಳ್ಳಿ. ಆಗಲೇ ಎರಡು ಸಲ ಬಂದಿದ್ದಾನೆ, ಭಟ್ಟಿ ಮೂರು. ಕತ್ತಿ ಹಿರಿದು ಎದುರಾಗುವುದು ಇನ್ನು ಒಂದು ಸಲ, ಹೆಚ್ಚೆಂದರೆ ಎರಡು. ಹನ್ನೆರಡನೇ ಲೆವೆಲ್ ಎಂದು ಹಟ ಹಿಡಿಯಬೇಡಿ. ಹತ್ತಕ್ಕೇ ಅವನು ಮುಗಿದು, ಅರೆಬರೆ ಗಂಟೆಯ ದನಿಗೆ ನೀರಿನಡಿಯದು ಎದ್ದು, ಉಳಿದ ಎರಡು ಲೆವೆಲ್ ಅದರ ಪಾಲಾದರೂ ಅದು ಅವನದೇ ಕಥೆ. ಭಟ್ಟಿಯಲ್ಲೇ ಸತ್ತರೂ ಅಷ್ಟೆ. ಅವನ ಚೀಲದಲ್ಲಿ ಹನ್ನೆರಡು ಊರಿನ ಪಟ್ಟಿ ಸಿಗುತ್ತದೆ, ಐದರ ಮುಂದೆ ಗೀಟು, ಅಕ್ಷರ ಮಾತ್ರ ಅವನದಲ್ಲ. ಯಾರದೆಂದು ಈಗಲೇ ನೀವು ತೀರ್ಮಾನಿಸಿಟ್ಟುಕೊಂಡಿರಬೇಕು, ಆಮೇಲೆ ಬದಲಿಸಬಾರದು. ನನ್ನನ್ನು ಕೇಳಿದರೆ, ಮೂರನೇ ಸೆಷನ್‌ನಲ್ಲಿ ಗಂಟೆ ಕಳೆದುಕೊಂಡು ಅತ್ತ ಆ ಹಳ್ಳಿಯವರಲ್ಲೇ ಒಬ್ಬರದು.

ಉಳಿದದ್ದು ಪ್ಯಾಲಡಿನ್ ಆಡುವ ನಿಮ್ಮ ಗೆಳೆಯ. ಕಥೆಯಲ್ಲಿ ಎಷ್ಟೇ ರಿಪೇರಿ ಮಾಡಿದರೂ ಅವನಿಗೆ ಹೇಳಬೇಕಾದದ್ದನ್ನು ಕಥೆಯ ಹೊರಗೇ ಹೇಳಬೇಕು. ಆ ಕಳ್ಳಬಾಗಿಲು, ಆ ಮದ್ದು ಎರಡೂ ಅವತ್ತೇ ಹುಟ್ಟಿಸಿದ್ದು ಎಂದು ಒಪ್ಪಿಕೊಳ್ಳಿ. ಇನ್ನು ಇರುಳಯ್ಯನ ಡೈಸ್ ಟೇಬಲ್ ಮೇಲೆಯೇ ಬೀಳುತ್ತದೆ, ಅವನು ಸತ್ತರೆ ಸತ್ತ ಎಂದು ಮಾತು ಕೊಡಿ. ಯೋಜನೆ, ಗಂಟೆಯ ಲೆಕ್ಕ ಏನೂ ಬಿಡಬೇಡಿ, ಇಷ್ಟೇ ಸಾಕು. ಫೋನ್ ಮಾಡುವುದಕ್ಕಿಂತ ಒಂದು ಸಂಜೆ ಚಹಾಕ್ಕೆ ಕರೆದರೆ ಒಳ್ಳೆಯದು, ಅದೂ ಈ ವಾರವೇ, ಉಳಿದ ಮೂವರು ಬಂದು ಟೇಬಲ್ ಸುತ್ತ ಕೂರುವ ಮೊದಲು.